ಹಾಲಿಗೆ ನಿಲ್ಲುವ ಬೀಜ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಕಾಫಿ ಗಿಡಗಳಲ್ಲಿ ಕೊನೆಯ ಸುತ್ತಿನ ಹಣ್ಣು ಅಲ್ಲೊಂದು ಇಲ್ಲೊಂದು ಉಳಿದಿತ್ತು. ಹಣ್ಣು ಬಿಡಿಸುವ ಹೆಂಗಸರು ಬುಟ್ಟಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಳಗಾಗುತ್ತಲೇ ಇಳಿಜಾರಿನ ಕೆಳಗಿನ ಸಾಲುಗಳಿಗೆ ಇಳಿದಿದ್ದರು. ಅವರ ಮಾತು, ನಗು, ನಡುನಡುವೆ ಯಾರೋ ಯಾರನ್ನೋ ರೇಗಿಸುವುದು, ಗಾಳಿ ಈ ಕಡೆ ತಿರುಗಿದಾಗ ಮಾತ್ರ ಮನೆಯ ತನಕ ಬರುತ್ತಿತ್ತು. ಮನೆಯ ಮುಂದಿನ ಬಯಲಿನಲ್ಲಿ ಬಲೆ ಬಿಗಿದ ನಾಲ್ಕು ಉದ್ದನೆಯ ಮಂಚಗಳ ಮೇಲೆ, ಹೊಟ್ಟು ಬಿಡಿಸದ ಬೀಜ ತೆಳ್ಳಗೆ ಹರಡಿಕೊಂಡು ಒಣಗುತ್ತಿತ್ತು. ಮನೆಯ ಯಜಮಾನ ಅನ್ನಿಸಿಕೊಂಡವನು ಒಂದು ತುದಿಯಿಂದ ಅದನ್ನು ಅಂಗೈಯಲ್ಲಿ ತಿರುವಿ ಹಾಕುತ್ತ ಬರುತ್ತಿದ್ದ. ಅವನಿಗೆ ಈ ಕೆಲಸ ಇಷ್ಟ. ಬೀಜ ಎದುರುತ್ತರ ಕೊಡುವುದಿಲ್ಲ.

ಅವನ ಹೆಂಡತಿ, ಈ ಮನೆಯ ಸೊಸೆ, ಜಗಲಿಯ ಮೇಜಿನ ಮೇಲೆ ಮೂರು ತಟ್ಟೆ ಇಟ್ಟುಕೊಂಡು ಮಾದರಿಯ ಬೀಜ ಹೆಕ್ಕುತ್ತಿದ್ದಳು. ಹೊಟ್ಟು ಹೋದ ಮೇಲೆ ಬೀಜ ನೀಲಿ ಬೆರೆತ ಹಸಿರಾಗಿ, ಸಣ್ಣ ಕಲ್ಲಿನ ಹಾಗೆ ತಣ್ಣಗಿತ್ತು. ಒಡಕು ಇಲ್ಲ, ಕರಿಬೀಜ ಇಲ್ಲ, ಹುಳು ಕೊರೆದದ್ದಿಲ್ಲ. ಆದರೂ ಅವಳು ಮೂರನೆಯ ಸಲ ಹೆಕ್ಕುತ್ತಿದ್ದಳು. ಕೈಗೆ ಏನೂ ಸಿಗುತ್ತಿರಲಿಲ್ಲ. ಕೈ ಸುಮ್ಮನಿರಲಾರದೆ ಹೆಕ್ಕುತ್ತಿದ್ದಳು, ಅಷ್ಟೇ.

ಇವತ್ತು ಸೊರ್ರಜ್ಜ ಬರುವ ದಿನ.

ಪಟ್ಟಣದಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವ ಅಂಗಡಿಯ ಯಜಮಾನ ಅವನು. ಚಮಚದ ತುಂಬ ಕಾಫಿ ತೆಗೆದುಕೊಂಡು ತುಟಿಗೆ ತಾಗುವ ಮುಂಚೆಯೇ ಸೊರ್ರೆಂದು ಎಳೆಯುತ್ತಿದ್ದ. ಆ ಸದ್ದಿಗೆ ಒಮ್ಮೆ ಕೊಟ್ಟಿಗೆಯ ಕರು ಬೆದರಿ ಹಗ್ಗ ಹರಿದುಕೊಂಡಿತ್ತಂತೆ. ಅವತ್ತಿನಿಂದ ಹಣ್ಣು ಬಿಡಿಸುವವರು ಇಟ್ಟ ಹೆಸರೇ ನಿಂತಿತು. ವರ್ಷಕ್ಕೊಮ್ಮೆ ಬಂದು ರುಚಿ ನೋಡಿ ಬೀಜ ಆರಿಸಿಕೊಂಡು ಹೋಗುತ್ತಿದ್ದ. ಮೂವತ್ತು ವರ್ಷದಿಂದ ಈ ಮನೆಯ ಬೀಜ ಅವನ ಅಂಗಡಿಗೇ ಹೋಗುತ್ತಿತ್ತು. ಅವನು ಬೇಡವೆಂದರೆ ಅದು ಊರ ಲಾರಿ ಹತ್ತಬೇಕು. ಲಾರಿಯಲ್ಲಿ ಎಲ್ಲರ ಬೀಜವೂ ಒಂದೇ ರಾಶಿ, ಯಾರ ಬೆವರು ಯಾವುದೆಂದು ಗೊತ್ತಾಗುವುದಿಲ್ಲ.

ಸೊಸೆಯ ಆತಂಕ ಅದಕ್ಕೂ ಹೆಚ್ಚಿನದಕ್ಕೆ. ಈ ಸಲದ ಬೆಳೆಯ ಕೆಲಸ ಮೊದಲಿಂದ ಕೊನೆಯ ತನಕ ಅವಳ ಮಾತಿನಂತೆ ನಡೆದಿತ್ತು. ಹೋದ ವರ್ಷ ಎರಡು ದಿನದ ಕಾಫಿ ತರಬೇತಿಗೆ ಹೋಗಿ ಬಂದವಳು, ಅಲ್ಲಿ ಕೊಟ್ಟ ಬೀಜದ ದೋಷಗಳ ಪಟ್ಟಿಯನ್ನು ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಆಮೇಲೆ ಅತ್ತೆಯ ಮುಂದೆ ಕೂತು, ಒಂದೇ ಒಂದು ಬೆಳೆ ನನ್ನ ಕೈಗೆ ಕೊಟ್ಟು ನೋಡಿ ಎಂದು ಕೇಳಿದ್ದಳು. ಜಗಳವಾಗುತ್ತದೆಂದು ಗಂಡ ಆಗಲೇ ಚಪ್ಪಲಿ ಹುಡುಕತೊಡಗಿದ್ದ. ಆದರೆ ಅತ್ತೆ ಆಗಲಿ ಎಂದುಬಿಟ್ಟಳು. ಮಾರನೆಯ ದಿನ ಕೆಲಸದವರೆಲ್ಲರ ಮುಂದೆಯೂ ಅದನ್ನೇ ಹೇಳಿದಳು. ಈ ಸಲ ಸೊಸೆ ಹೇಳಿದಂತೆ. ಅಜ್ಜ ಒಪ್ಪಿದರೆ ಮುಂದೆಯೂ ಅವಳು ಹೇಳಿದಂತೆ. ಒಪ್ಪದಿದ್ದರೆ ಮತ್ತೆ ನನ್ನ ಮಾತು. ಎಲ್ಲರ ಮುಂದೆ ಆಡಿದ ಮಾತಾದ್ದರಿಂದ ಯಾರೂ ನುಂಗುವ ಹಾಗಿರಲಿಲ್ಲ.

ಸೊಸೆ ಹಳೆಯ ತೊಟ್ಟಿಯನ್ನು ಉಜ್ಜಿಸಿ ಒಳಗೆ ನುಣ್ಣಗೆ ಗಾರೆ ಮಾಡಿಸಿದಳು. ಬಂದ ಹಣ್ಣನ್ನು ನೀರಿಗೆ ಸುರಿದು ತೇಲುವ ಜೊಳ್ಳನ್ನೆಲ್ಲ ತೆಗೆಸಿದಳು. ಸಂಜೆ ಬಂದ ಹಣ್ಣನ್ನು ಸಂಜೆಯೇ ಸುಲಿಯುವ ಯಂತ್ರಕ್ಕೆ ಹಾಕಿ, ಬೀಜದ ಲೋಳೆ ಹೋಗುವ ತನಕ ನಾಲ್ಕು ನೀರಿನಲ್ಲಿ ತೊಳೆಸಿದಳು. ಕೆಲಸದ ಹೆಂಗಸರು ಅವಳಿಗೆ ತೊಳೆಯಮ್ಮ ಎಂದು ಹೆಸರಿಟ್ಟರು. ಬಿಟ್ಟರೆ ಸೂರ್ಯನನ್ನೂ ತೊಳೆದು ಮಂಚದ ಮೇಲೆ ಒಣಹಾಕುತ್ತಾಳೆ ಎಂದು ನಗುತ್ತಿದ್ದರು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ದೂರದಲ್ಲಿ ಕೂತು ನೋಡುತ್ತಿದ್ದಳು. ಆ ನೋಟವೇ ಸೊಸೆಗೆ ಬೈಗುಳಕ್ಕಿಂತ ಭಾರವಾಗಿತ್ತು.

ಇಷ್ಟರ ನಡುವೆ ಒಂದು ಚೀಲದ ಕತೆ ಇತ್ತು. ಅದನ್ನು ನೆನೆದಾಗಲೆಲ್ಲ ಸೊಸೆಯ ಕೈ ತಟ್ಟೆಯ ಮೇಲೆ ನಿಂತುಬಿಡುತ್ತಿತ್ತು.

ತಿಂಗಳ ಹಿಂದೆ ಅವಳ ತಂಗಿಗೆ ಹೆರಿಗೆಯಾಗಿ, ನಾಲ್ಕು ದಿನ ತವರಿಗೆ ಹೋಗಿದ್ದಳು. ಬಂದು ನೋಡಿದರೆ ಒಂದು ಮಂಚದ ಬೀಜದ ಬಣ್ಣವೇ ಬೇರೆ. ಮೂಗಿಗೆ ಹಿಡಿದರೆ ಅತಿಯಾಗಿ ಕಳಿತ ಹಣ್ಣಿನ ವಾಸನೆ. ಆ ನಾಲ್ಕು ದಿನ ಅತ್ತೆ ತನ್ನ ಹಳೆಯ ಪದ್ಧತಿಯಂತೆ, ಸಂಜೆ ಬಂದ ಹಣ್ಣನ್ನು ಗುಡ್ಡೆ ಹಾಕಿ ಒದ್ದೆ ಗೋಣಿ ಹೊದಿಸಿಟ್ಟು, ಬೆಳಗಾದ ಮೇಲೆ ಸುಲಿಸಿದ್ದಳು. ಗೋಡೆಯ ಪಟ್ಟಿಯಲ್ಲಿ ಅದು ದೊಡ್ಡ ದೋಷ. ಸೊಸೆ ಜಗಳ ಮಾಡಲಿಲ್ಲ. ಒಣಗಿದ ಮೇಲೆ ಅದು ಒಂದು ಚೀಲವಾಯಿತು. ಬೇರೆಯದರ ಜೊತೆ ಸೇರಿಸಿದೆಯಾ ಎಂದು ಅತ್ತೆ ಒಂದು ದಿನ ಕೇಳಿದಳು. ಸೊಸೆ ತಲೆ ಎತ್ತದೆ ಹೂಂ ಎಂದಳು. ಸೇರಿಸಿರಲಿಲ್ಲ. ಹದಿನಾರು ಚೀಲ ಶುದ್ಧ ಬೀಜಕ್ಕೆ ಆ ಒಂದನ್ನು ಸೇರಿಸಲು ಅವಳ ಕೈ ಬರಲಿಲ್ಲ. ಸೇರಿಸಿಲ್ಲ ಎನ್ನಲು ಬಾಯಿಯೂ ಬರಲಿಲ್ಲ. ಚೀಲವನ್ನು ಮನೆಯ ಹಿಂದಿನ ಸೌದೆ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ, ಜೊಳ್ಳಿನ ಚೀಲಗಳ ಪಕ್ಕ ಇಟ್ಟಿದ್ದಳು.

ಸೊರ್ರಜ್ಜ ಹನ್ನೊಂದು ಗಂಟೆಯ ಹೊತ್ತಿಗೆ ಬಂದ. ವ್ಯಾನು ರಸ್ತೆಯಲ್ಲೇ ನಿಂತಿತು. ಅವನು ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮರದ ಪೆಟ್ಟಿಗೆ ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದ. ಅತ್ತೆ ಎದುರು ಹೋಗಿ ಪೆಟ್ಟಿಗೆ ಇಸಿದುಕೊಂಡಳು. ಅಣ್ಣ ಬಡವಾಗಿದ್ದೀರಿ ಎಂದಳು. ವೈದ್ಯರು ದಿನಕ್ಕೆ ಎರಡೇ ಕಪ್ ಎಂದು ಕಟ್ಟು ಹಾಕಿದ್ದಾರೆ ಎಂದ ಅವನು. ನಾನು ಬಾಯಿಗೆ ಹಾಕಿ ಉಗುಳುವವನು, ನನಗೆ ಆ ಲೆಕ್ಕ ಹತ್ತುವುದಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡ. ಮೂರು ಗಂಟೆಗೆ ಗುಡ್ಡದಾಚೆಯ ಇನ್ನೊಂದು ಮನೆಗೆ ಹೋಗಬೇಕು, ಅವರೂ ಈ ಸಲ ಮಾದರಿ ತೋರಿಸುತ್ತಾರಂತೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದ. ಗುಡ್ಡದಾಚೆಯ ಮನೆ ಇದುವರೆಗೆ ಅವನ ಬಾಯಲ್ಲಿ ಬಂದದ್ದಿರಲಿಲ್ಲ. ಸೊಸೆ ಬೀಜದ ತಟ್ಟೆಗಳನ್ನು ಸಾಲಾಗಿ ಜೋಡಿಸಿದಳು, ಮತ್ತೆ ಬಿಡಿಸಿ ಜೋಡಿಸಿದಳು.

ಪೆಟ್ಟಿಗೆಯಿಂದ ಅಂಗೈ ಅಗಲದ ಹುರಿಯುವ ಡ್ರಮ್ಮು ಬಂತು, ಸ್ಪಿರಿಟ್ ಒಲೆ ಬಂತು, ಕೈಗಿರಣಿ, ಹಿಡಿಯಿಲ್ಲದ ಬಿಳಿ ಕಪ್ಪುಗಳು, ಅಂಚು ಸವೆದ ಬೆಳ್ಳಿಯ ಚಮಚ ಬಂದವು. ಕೊನೆಗೆ ಒಂದು ಫ್ಲಾಸ್ಕು. ಅದರಲ್ಲಿ ಅವನ ಮನೆಯಲ್ಲೇ ಕಾಸಿದ ಹಾಲು ಇರುತ್ತಿತ್ತು. ಬೇರೆಯವರ ಮನೆಯ ಹಾಲನ್ನು ಅವನು ನಂಬುತ್ತಿರಲಿಲ್ಲ. ಪ್ರತಿ ಮಾದರಿಗೂ ಎರಡು ಕಪ್ಪು, ಒಂದು ಬರೀ ಕಾಫಿಗೆ, ಒಂದು ಹಾಲು ಹಾಕಿದ್ದಕ್ಕೆ.

ಮೊದಲು ಬರೀ ಕಾಫಿ. ಹುರಿದದ್ದಾಯಿತು, ಬೀಸಿದ್ದಾಯಿತು, ಕುದಿಯುವ ನೀರು ಹುಯ್ದದ್ದಾಯಿತು. ಮೇಲೆ ಕಟ್ಟಿದ ಪುಡಿಯ ಕೆನೆಯನ್ನು ಅವನು ಚಮಚದ ಬೆನ್ನಿಂದ ಒಡೆದು, ಮೂಗನ್ನು ಕಪ್ಪಿನೊಳಕ್ಕೇ ಇಳಿಸಿದ. ಆಮೇಲೆ ಆ ಸದ್ದು. ಮಂಚದ ಹತ್ತಿರ ಗಂಡನ ಕೈ ನಿಂತಿತು.

ಸೊರ್ರಜ್ಜನ ಹುಬ್ಬು ಮೇಲೆ ಹೋಯಿತು. ಪಕ್ಕದ ಡಬ್ಬಕ್ಕೆ ಉಗುಳಿ, ಎರಡನೆಯದನ್ನು ಎಳೆದ, ಮೂರನೆಯದನ್ನು ಎಳೆದ. ನಿಂಬೆಯ ಸಿಪ್ಪೆ ಹಿಂಡಿದ ಹಾಗಿದೆ ಎಂದ. ಬಾಯಿ ತೊಳೆದುಕೊಂಡ ಹಾಗಿದೆ, ಒಂದು ಕೊಳೆ ಇಲ್ಲ, ಇಷ್ಟು ಶುದ್ಧವಾದದ್ದು ಈ ಗುಡ್ಡಗಳಲ್ಲಿ ತಾನು ಕುಡಿದಿಲ್ಲ ಎಂದ. ಯಾರ ಕೈ ಎಂದು ಕೇಳಿದಾಗ ಅತ್ತೆ ಗಲ್ಲದಿಂದಲೇ ಸೊಸೆಯ ಕಡೆ ತೋರಿಸಿದಳು. ಸೊಸೆಗೆ ಕಿವಿಯ ತುದಿ ಬಿಸಿಯಾಯಿತು. ದೂರದಿಂದ ಗಂಡ, ಯಾರಿಗೂ ಕಾಣದ ಹಾಗೆ, ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿದ.

ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿತು.

ಹಾಲು ಹಾಕಿದ ಕಪ್ಪನ್ನು ಅವನು ಒಮ್ಮೆ ಎಳೆದ. ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಮತ್ತೆ ಎಳೆದ. ಎರಡನೆಯ ಮಾದರಿಗೆ ಹೋದ, ಮೂರನೆಯದಕ್ಕೆ ಹೋದ, ತಿರುಗಿ ಮೊದಲನೆಯದಕ್ಕೆ ಬಂದ. ಚಮಚ ಕೆಳಗಿಟ್ಟು ಕಪ್ಪನ್ನೇ ಎತ್ತಿ ಸೊಸೆಯ ಕಡೆ ಚಾಚಿದ.

"ಕುಡಿದು ನೋಡು ಮಗಳೇ. ಏನು ಸಿಗುತ್ತೆ ಹೇಳು."

ಸೊಸೆ ಕುಡಿದಳು. ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಏನಾದರೂ ಸಿಗಲಿ ಎಂದು ಕಾದಳು. ಸುಳ್ಳು ಹೇಳಬಹುದಿತ್ತು. ಆದರೆ ಅವನೂ ಕುಡಿದಿದ್ದ.

"ಹಾಲು ಅಜ್ಜ," ಎಂದಳು.

ಅವನು ತಲೆಯಾಡಿಸಿದ. ಕುರ್ಚಿಗೆ ಬೆನ್ನು ಕೊಟ್ಟು ನಿಧಾನವಾಗಿ ಬಿಡಿಸಿ ಹೇಳತೊಡಗಿದ. ಅಂಗಡಿಗೆ ಹೊಸಬರು ಯಾರಾದರೂ ಬಂದು ಒಳ್ಳೆಯ ಕಾಫಿ ಕೊಡಿ ಎಂದರೆ ತಾನು ಮೊದಲು ಕೇಳುವುದು ಬೀಜದ ವಿಷಯವನ್ನಲ್ಲವಂತೆ. ಹಾಲು ಹಾಕುತ್ತೀರಾ, ಎಷ್ಟು ಹಾಕುತ್ತೀರಿ, ಎದ್ದ ಕೂಡಲೇ ಕುಡಿಯುತ್ತೀರಾ ಇಲ್ಲಾ ಊಟವಾದ ಮೇಲಾ, ಸಿಹಿ ಎಷ್ಟು, ಇಷ್ಟು ಕೇಳಿ ಆಮೇಲೆ ಡಬ್ಬಿಗೆ ಕೈ ಹಾಕುತ್ತಾನಂತೆ. ಬರಿದಾಗಿ ಕುಡಿಯುವವನಿಗೆ ಈ ಬೀಜ ಕೊಟ್ಟರೆ ಕಣ್ಣಿಗೊತ್ತಿಕೊಂಡು ಹೋಗುತ್ತಾನೆ. ಆದರೆ ಅಂಥವರು ತನ್ನ ಅಂಗಡಿಗೆ ಬರುವುದು ಎಷ್ಟು ಜನ? ಒಬ್ಬ ದರ್ಜಿ, ಇಬ್ಬರು ಮೇಷ್ಟ್ರು. ಮಿಕ್ಕವರೆಲ್ಲ ಬಸ್ಸು ಓಡಿಸುವವರು, ಬೇಕರಿಯವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯರು. ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ. ಅದನ್ನೆಲ್ಲ ದಾಟಿಕೊಂಡು ಬಂದು ನಾಲಿಗೆ ಮುಟ್ಟುವ ಬೀಜ ಬೇಕು ಅವರಿಗೆ.

"ಒಳ್ಳೇದು ಬೇರೆ ತಾಯಿ, ಹಿಡಿಸೋದು ಬೇರೆ. ನಿನ್ನ ಬೀಜ ಒಳ್ಳೇದು. ಹಾಲಿಗೆ ನಿಲ್ಲಲ್ಲ." ಆಮೇಲೆ ಅವನು ಅತ್ತೆಯ ಕಡೆ ತಿರುಗಿದ. "ಮೂವತ್ತು ವರ್ಷ ನಿಂತಿತ್ತಲ್ಲ ತಂಗಿ. ಏನಾಯ್ತು?"

ಅತ್ತೆ ಕಂಬಕ್ಕೆ ಒರಗಿ ಕೂತಿದ್ದಳು. ಗೆದ್ದೆ ಎನ್ನುವ ಮುಖ ಇರಲಿಲ್ಲ. ಅದನ್ನು ನೋಡಬೇಕಾದೀತೆಂದು ಹೆದರಿದ್ದ ಸೊಸೆಗೆ ಆ ಮುಖದಲ್ಲಿ ಕಂಡದ್ದು ಬೇರೇನೋ ಸಂಕೋಚ. ಈ ಸಲ ಕೆಲಸ ಬದಲಾಯಿತು ಅಣ್ಣ ಎಂದಳು ಅತ್ತೆ. ತನ್ನ ಕೈಯದು ಒಂದು ಚೀಲ ಮಾತ್ರ, ಅದೂ ಇದರಲ್ಲೇ ಸೇರಿಹೋಗಿದೆ, ಹದಿನಾರರ ಜೊತೆ ಒಂದು ಎಲ್ಲಿ ಗೊತ್ತಾಗಬೇಕು ಎಂದಳು.

ಸೊರ್ರಜ್ಜ ಮೂರು ತಟ್ಟೆಗಳನ್ನೂ ಮತ್ತೊಮ್ಮೆ ಹತ್ತಿರ ಎಳೆದುಕೊಂಡ. ಒಂದೊಂದರಲ್ಲೂ ಬೆರಳಾಡಿಸಿ, ಮುಷ್ಟಿ ತುಂಬಿಕೊಂಡು ಮೂಸಿದ.

"ಇದರಲ್ಲಿ ಸೇರಿಲ್ಲ."

"ಸೇರಿದೆ ಅಣ್ಣ. ಇವಳೇ ಸೇರಿಸಿದ್ದು."

"ಒಂದು ಮುಷ್ಟಿ ಸೇರಿದ್ದರೂ ನನ್ನ ನಾಲಿಗೆಗೆ ಸಿಗ್ತಿತ್ತು ತಂಗಿ. ವಯಸ್ಸಾಗಿರೋದು ಸೊಂಟಕ್ಕೆ."

ಅತ್ತೆ ಸೊಸೆಯ ಮುಖ ನೋಡಿದಳು. ಪೂರ್ತಿ ನೋಡಲಿಲ್ಲ, ಒಮ್ಮೆ ಕಣ್ಣು ಹಾಯಿಸಿ ತೆಗೆದುಬಿಟ್ಟಳು. ಅಷ್ಟರಲ್ಲೇ ಎಲ್ಲವೂ ಅರ್ಥವಾಗಿತ್ತು. ಬಯಲಿನಲ್ಲಿ ಗಂಡನಿಗೆ ಮಂಚದ ದೂರದ ತುದಿಯಲ್ಲಿ ಇದ್ದಕ್ಕಿದ್ದಂತೆ ಕೆಲಸ ಕಾಣಿಸಿ ಅತ್ತ ನಡೆದ. ಸೊರ್ರಜ್ಜ ಗಡಿಯಾರ ನೋಡಿಕೊಂಡು, ಚಮಚವನ್ನು ಬಟ್ಟೆಯಲ್ಲಿ ಸುತ್ತಿದ. ಕಪ್ಪುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯೊಳಗೆ ಇಡತೊಡಗಿದ. ಮೊದಲ ಕಪ್ಪು ಹೋಯಿತು. ಎರಡನೆಯದು ಹೋಯಿತು.

ಸೊಸೆ ಕಪ್ಪುಗಳನ್ನೇ ನೋಡುತ್ತಿದ್ದಳು. ಇನ್ನು ನಾಲ್ಕು ಒರೆಸುವ ತನಕ ಸುಮ್ಮನಿದ್ದರೆ ಅವನು ಎದ್ದು ಹೋಗುತ್ತಾನೆ. ಬೀಜ ಲಾರಿ ಹತ್ತುತ್ತದೆ. ಬೆಳೆಯ ಮಾತು ಅತ್ತೆಗೆ ಹಿಂದಿರುಗುತ್ತದೆ, ಆದರೆ ಚೀಲದ ಸುಳ್ಳು ಬಾಯಿಬಿಟ್ಟು ಒಪ್ಪಿಕೊಳ್ಳದ ಸುಳ್ಳಾಗಿಯೇ ಉಳಿಯುತ್ತದೆ. ಬಾಯಿಬಿಟ್ಟರೆ ಬೀಜ ಉಳಿದೀತು, ತಾನು ಎಲ್ಲರ ಮುಂದೆ ಬೀದಿಗೆ ಬಿದ್ದ ಹಾಗೆ. ಇಷ್ಟು ಯೋಚಿಸುವುದರಲ್ಲಿ ಮೂರನೆಯ ಕಪ್ಪೂ ಹೋಯಿತು.

"ಇನ್ನೊಂದು ಮಾದರಿ ಇದೆ ಅಜ್ಜ," ಎಂದಳು. "ತರ್ತೀನಿ, ಕೂತಿರಿ."

ತಿರುಗಿ ನೋಡದೆ ಜಗಲಿ ಇಳಿದಳು.

ಮನೆಯ ಹಿಂದೆ ತಿರುಗಿದಾಗ ಅವಳಿಗೆ ಲಾರಿ ನೆನಪಾಯಿತು. ಮೊನ್ನೆ ಜೊಳ್ಳು ಒಯ್ಯುವ ಲಾರಿ ಬಂದಿತ್ತು. ಕೊಟ್ಟಿಗೆಯ ಚೀಲಗಳನ್ನೆಲ್ಲ ಕೊಟ್ಟುಬಿಡಿ ಎಂದು ಗಂಡನಿಗೆ ತಾನೇ ಹೇಳಿ, ಎರಡನೆಯ ನೀರು ಹಿಡಿಸಲು ತೊಟ್ಟಿಯ ಹತ್ತಿರ ಹೋಗಿದ್ದಳು. ಆಮೇಲೆ ಆ ಕಡೆ ಹೋಗಿಯೇ ಇರಲಿಲ್ಲ. ಓಡಿದಳು. ಕೊಟ್ಟಿಗೆಯ ಬಾಗಿಲು ತಳ್ಳಿದರೆ ಜೊಳ್ಳಿನ ಚೀಲಗಳಿದ್ದ ಜಾಗ ಖಾಲಿ. ನೆಲದ ಮೇಲೆ ನಾಲ್ಕು ಚೀಲದ ಚೌಕ ಗುರುತುಗಳು ಮಾತ್ರ ಉಳಿದಿದ್ದವು. ಅವಳು ಸೌದೆಯ ರಾಶಿಗೆ ಕೈ ಕೊಟ್ಟು ನಿಂತಳು. ಕೈಗೆ ಸಿಕ್ಕಿದ್ದು ಗೋಣಿ.

ಚೀಲ ಗೋಡೆಗೆ ಒತ್ತರಿಸಿತ್ತು, ಮೇಲೆ ಹೊಸದಾಗಿ ಸೀಳಿದ ಸೌದೆ ಪೇರಿಸಿತ್ತು. ಲಾರಿಯವರಿಗೆ ಕಾಣದಿರಲಿ ಎಂದು ಗಂಡ ಮುಚ್ಚಿಟ್ಟನೋ, ಗಮನಿಸದೆ ಅದರ ಮೇಲೆ ಪೇರಿಸಿದನೋ. ಅವನನ್ನು ಕೇಳಿದರೆ ಇವತ್ತಿಗೂ ಎರಡಕ್ಕೂ ಹೌದು ಎನ್ನುತ್ತಾನೆ. ಸೊಸೆ ಸೌದೆಗಳನ್ನು ಎರಡೂ ಕೈಯಲ್ಲಿ ಎಳೆದು ಬಿಸಾಡಿದಳು. ಹಸಿ ಸೌದೆಯ ನೀರು ಇಳಿದು ಚೀಲದ ಒಂದು ಮೂಲೆ ಕಪ್ಪಾಗಿತ್ತು. ಬಾಯಿ ಬಿಚ್ಚಿ, ನಡುಭಾಗಕ್ಕೆ ಮೊಳಕೈ ತನಕ ಕೈ ಇಳಿಸಿ, ಒಣಗಿದ್ದನ್ನು ಮೊರಕ್ಕೆ ತೆಗೆದಳು. ಕಳಿತ ಹಣ್ಣಿನ ವಾಸನೆ ಇತ್ತು. ಅದರ ಕೆಳಗೆ ಇನ್ನೇನೋ ಇತ್ತು.

ಮೊರ ತಂದು ಜಗಲಿಯ ಮೇಲಿಟ್ಟಾಗ ಅತ್ತೆ ಅದನ್ನು ಎತ್ತಿಕೊಂಡಳು. ಈ ಬೀಜಕ್ಕೆ ಇನ್ನೂ ಹೊಟ್ಟು ಇತ್ತು. ಅತ್ತೆ ಒರಳಿಗೆ ಸುರಿದು, ಒನಕೆ ಹಿಡಿದು, ಮೆಲ್ಲಗೆ ಕುಟ್ಟತೊಡಗಿದಳು. ಬೀಜ ಒಡೆಯಬಾರದು, ಹೊಟ್ಟು ಮಾತ್ರ ಬಿಡಬೇಕು. ಧಪ್, ಸ್ವಲ್ಪ ಬಿಟ್ಟು ಧಪ್. ನಾನು ಕುಟ್ಟುತ್ತೇನೆ ಎಂದು ಸೊಸೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಸೊರ್ರಜ್ಜ ಪೆಟ್ಟಿಗೆಯಿಂದ ಕಪ್ಪುಗಳನ್ನು ಮತ್ತೆ ಹೊರಗೆ ತೆಗೆಯುತ್ತ, ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿಕೊಂಡ.

ಕೇರಿದ ಬೀಜ ಹಳದಿಗೆ ತಿರುಗಿದ ಹಸಿರು, ಅಲ್ಲಲ್ಲಿ ಕೆಂಚು ಗೆರೆ. ಸೊಸೆಯ ತಟ್ಟೆಗಳ ಪಕ್ಕ ಇಟ್ಟಾಗ ಹಳೆಯ ಬಟ್ಟೆಯ ಹಾಗೆ ಕಂಡಿತು. ಡ್ರಮ್ಮು ತಿರುಗಿತು. ಬೀಜ ಮೊದಲು ಹುಲ್ಲಿನ ವಾಸನೆ ಬಿಟ್ಟಿತು, ಆಮೇಲೆ ಸುಟ್ಟ ರೊಟ್ಟಿಯದು. ಚಟಚಟ ಎನ್ನುವ ಸದ್ದು ಶುರುವಾದಾಗ ಹಿಂದೆಯೇ ಬೆಲ್ಲ ಕುದಿಯುವ ಕೊಪ್ಪರಿಗೆಯ ವಾಸನೆ ಜಗಲಿಯ ತುಂಬ ಹಬ್ಬಿತು. ಸೊಸೆ ಈ ಮನೆಗೆ ಬಂದ ಮೊದಲ ವರ್ಷ ಇದೇ ವಾಸನೆ ಬಂದಿತ್ತು. ಆಗ ಅವಳಿಗೆ ಪಟ್ಟಿ ಗೊತ್ತಿರಲಿಲ್ಲ. ಚೆನ್ನಾಗಿದೆ ಅನ್ನಿಸಿತ್ತು.

ಬರಿದಾಗಿ ಎಳೆದಾಗ ಸೊರ್ರಜ್ಜನ ಮುಖ ಗಂಟಿಕ್ಕಿತು. ಒರಟು ಎಂದ. ಡಬ್ಬಕ್ಕೆ ಉಗುಳಿ ಬಾಯಿ ಮುಕ್ಕಳಿಸಿದ. ಸೊಸೆಯ ಒಳಗೆ, ಅವಳಿಗೇ ನಾಚಿಕೆಯಾಗುವಂಥ ಒಂದು ಸಮಾಧಾನ ಒಂದು ಕ್ಷಣ ಎದ್ದು ಕೂತಿತು. ಅವನು ಹಾಲು ಹುಯ್ದ. ಎಳೆದ. ಕಣ್ಣು ಮುಚ್ಚಿದ. ಡಬ್ಬದ ಕಡೆ ಬಾಗಲಿಲ್ಲ. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ನುಂಗಿದ್ದ.

"ಇದೇ," ಎಂದ.

ಸಮಾಧಾನ ಎದ್ದು ಹೋಯಿತು. ಆದರೆ ಅವನು ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಹುಬ್ಬುಗಳ ನಡುವೆ ಗೆರೆ ಮೂಡಿತು.

"ಅಡಿಯಲ್ಲಿ ಏನೋ ಇದೆ. ಹಸಿ ಸೌದೆಯ ಹಾಗೆ. ಎಲ್ಲಿಟ್ಟಿದ್ರಿ ಇದನ್ನ?"

ಸೊಸೆ ಬಾಯಿ ತೆರೆದಳು. ಹೇಳಬೇಕಾದದ್ದು ಎರಡೇ ಮಾತು, ಆ ಎರಡು ಮಾತು ಎಷ್ಟು ಎಳೆದರೂ ಮೇಲೆ ಬರುತ್ತಿರಲಿಲ್ಲ.

"ಸೌದೆ ಕೊಟ್ಟಿಗೆಯಲ್ಲಿತ್ತು ಅಣ್ಣ," ಎಂದಳು ಅತ್ತೆ. ಮೊರದಲ್ಲಿ ಉಳಿದ ಹೊಟ್ಟನ್ನು ಕೊಡವುತ್ತಿದ್ದಳು. "ನಾನೇ ಇಟ್ಟೆ. ಉಗ್ರಾಣದಲ್ಲಿ ಜಾಗ ಇರಲಿಲ್ಲ. ಇಟ್ಟಿದ್ದು ಮರೆತೂಹೋಯ್ತು. ಸೇರಿಸಿದ್ದಾಳೆ ಅಂತ ಇವಳ ಮೇಲೆ ಹಾಕಿದೆ."

ಉಗ್ರಾಣದಲ್ಲಿ ಇನ್ನೂ ಹತ್ತು ಚೀಲಕ್ಕೆ ಜಾಗವಿತ್ತು. ಬಾಗಿಲು ತೆರೆದೇ ಇತ್ತು. ಸೊರ್ರಜ್ಜ ಕೂತಲ್ಲಿಂದ ತಲೆ ತಿರುಗಿಸಿದ್ದರೆ ಕಾಣುತ್ತಿತ್ತು. ಅವನು ತಿರುಗಿಸಲಿಲ್ಲ. ಮರೆವು ನಮ್ಮ ವಯಸ್ಸಿನವರಿಗೆ ದೇವರು ಕೊಟ್ಟ ರಜೆ ಎಂದು ನಕ್ಕು, ಚಮಚ ಒರೆಸಿಕೊಂಡ.

ಅವನ ಆಯ್ಕೆ ಹೀಗಾಯಿತು. ಅತ್ತೆಯ ಚೀಲವನ್ನು ಎರಡು ಬಿಸಿಲಿಗೆ ಹಾಕಿ, ಕಪ್ಪಾದ ಮೂಲೆಯ ಬೀಜ ತೆಗೆದು ಕಳಿಸಬೇಕು. ಸೊಸೆಯದರಲ್ಲಿ ನಾಲ್ಕು ಚೀಲ ಸಾಕು. ಸ್ವಲ್ಪ ಬೆರೆಸುವುದಕ್ಕೆ, ಸ್ವಲ್ಪ ಆ ದರ್ಜಿಗೆ, ಮೇಷ್ಟ್ರಿಗೆ. ಮಿಕ್ಕ ಹನ್ನೆರಡು ತನಗೆ ಹೊರಲಾಗದು. ಮುಂದಿನ ಸಲ ಹಾಲಿಗೆ ನಿಲ್ಲುವುದನ್ನೇ ಹೆಚ್ಚು ಮಾಡಿ, ಇದನ್ನೂ ಬಿಡಬೇಡಿ, ಗುಡ್ಡದಾಚೆಯವರಿಗೆ ಇವತ್ತು ಹೋಗಿ ಬರೀ ನಮಸ್ಕಾರ ಹೇಳಿ ಬರುತ್ತೇನೆ ಎಂದ. ಪೆಟ್ಟಿಗೆ ಮುಚ್ಚಿ ಏಳುವಾಗ, ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಹೇಗೆ ಮಾಡುತ್ತೀ ಎಂದು ಒಂದು ಸಲವೂ ಹೇಳಲಿಲ್ಲವಲ್ಲ ತಂಗಿ ಎಂದು ಅತ್ತೆಯನ್ನು ಕೆಣಕಿದ. ಕೈಗುಣ ಅಣ್ಣ ಎಂದಳು ಅತ್ತೆ, ಎಂದಿನಂತೆ. ಇಬ್ಬರೂ ಎಂದಿನಂತೆ ನಕ್ಕರು. ವ್ಯಾನು ಹೋಯಿತು.

ಹನ್ನೆರಡು ಚೀಲ ಲಾರಿಗೆ. ಅಷ್ಟು ತೊಳೆದದ್ದು, ಅಷ್ಟು ಹೆಕ್ಕಿದ್ದು, ಎಲ್ಲರ ರಾಶಿಗೆ ಹೋಗಿ ಬೀಳುತ್ತದೆ. ಸೊಸೆ ಮಧ್ಯಾಹ್ನವೆಲ್ಲ ಅದನ್ನು ಯೋಚಿಸುತ್ತಿದ್ದೇನೆ ಎಂದುಕೊಂಡಳು. ಆದರೆ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ಮೊರ ಕೊಡವುತ್ತಿದ್ದ ಆ ಎರಡು ಕೈಗಳ ಹತ್ತಿರ.

ಹೊತ್ತು ಇಳಿಯುವಾಗ ಹಣ್ಣು ಬಿಡಿಸುವವರು ಬಂದರು. ಬುಟ್ಟಿಗಳು ತೂಗಿ, ಹಣ್ಣು ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಬಿತ್ತು. ಕಡುಗೆಂಪು, ಕೆಲವು ನೇರಳೆಗೆ ತಿರುಗಿದ್ದವು. ತೊಳೆಯಮ್ಮ ಗೆದ್ದಳೋ ಸೋತಳೋ ಎಂದು ಹೆಂಗಸರು ಗಂಡನನ್ನು ಕೇಳಿದರು. ನಾಲ್ಕೂ ಒಂದೂ ಸೇರಿ ಐದು ಎಂದು ಅವನು ಲೆಕ್ಕ ಹೇಳಿದ. ನಿನ್ನನ್ನು ಕೇಳಿದ್ದು ನಮ್ಮ ತಪ್ಪು ಎಂದು ಅವರು ನಗುತ್ತ ಹೋದರು. ಸೊಸೆ ಯಂತ್ರದ ಮೋಟರಿನ ಗುಂಡಿಗೆ ಕೈ ಹಾಕಿದಳು.

"ಇರಲಿ ಬಿಡು," ಎಂದಳು ಅತ್ತೆ ಹಿಂದಿನಿಂದ.

ಕಟ್ಟೆಯ ತುದಿಯಲ್ಲಿ ಕೂತು, ಒಂದು ಹಣ್ಣನ್ನು ಬೆರಳುಗಳ ನಡುವೆ ಹೊರಳಿಸುತ್ತಿದ್ದಳು. ತೊಟ್ಟಿ ನಿನ್ನ ಕೈಯಲ್ಲೇ ಇರಲಿ ಎಂದಳು. ನೀರು, ಮಂಚ, ಎಲ್ಲ ನಿನ್ನ ಮಾತಿನಂತೆಯೇ. ಗುಡ್ಡೆ ಹಾಕುವುದೊಂದನ್ನು ನಾನು ತೋರಿಸಿಕೊಡುತ್ತೇನೆ. ಸೊಸೆ ಗುಂಡಿಯಿಂದ ಕೈ ತೆಗೆದು ನಿಂತಳು. ಎಲ್ಲರ ಮುಂದೆ ಆಡಿದ ಮಾತು ಹಾಗಿರಲಿಲ್ಲವಲ್ಲ ಎನ್ನಬೇಕೆನ್ನಿಸಿತು.

"ಕೈಗುಣವೂ ಇಲ್ಲ, ಏನೂ ಇಲ್ಲ," ಎಂದಳು ಅತ್ತೆ. "ನಿದ್ದೆ ಬಂದಿತ್ತು ನನಗೆ."

ಸೊಸೆಗೆ ಅರ್ಥವಾಗಲಿಲ್ಲ. ಅತ್ತೆ ಹಣ್ಣನ್ನೇ ನೋಡುತ್ತ ಹೇಳಿದಳು. ತನ್ನ ಗಂಡ ತೀರಿಹೋದ ವರ್ಷ. ಮನೆಯಲ್ಲಿ ಇದ್ದದ್ದು ತಾನು, ನಾಲ್ಕು ವರ್ಷದ ಮಗ. ಸಂಜೆ ಹಣ್ಣು ಬಂದಿತ್ತು. ಮಗುವಿಗೆ ಉಣ್ಣಿಸಿ ಮಲಗಿಸಿ, ಆಮೇಲೆ ಸುಲಿಯೋಣ ಎಂದು ಪಕ್ಕದಲ್ಲಿ ಒರಗಿದವಳಿಗೆ ಎಚ್ಚರವಾದದ್ದು ಬೆಳಕು ಹರಿದ ಮೇಲೆ. ಓಡಿ ಬಂದು ಮುಟ್ಟಿದರೆ ಗುಡ್ಡೆ ಜ್ವರ ಬಂದ ಮೈಯ ಹಾಗೆ ಬಿಸಿ. ಬಿಸಾಡಲು ಧೈರ್ಯವಿರಲಿಲ್ಲ, ಯಾರಿಗೂ ಹೇಳಲೂ ಧೈರ್ಯವಿರಲಿಲ್ಲ. ಸುಲಿದು ತೊಳೆದು ಒಣಗಿಸಿ, ಉಸಿರು ಬಿಗಿಹಿಡಿದು ಅಂಗಡಿಯವನ ಮುಂದೆ ಇಟ್ಟಳು. ಅವನು ಕುಡಿದು, ಇಂಥದ್ದನ್ನು ಎಲ್ಲಿ ಬಚ್ಚಿಟ್ಟಿದ್ದೆ ತಂಗಿ ಎಂದ. ಮುಂದಿನ ವರ್ಷ ಬೇಕೆಂದೇ ಮಲಗಿದಳು. ಅಲ್ಲಿಂದ ಪ್ರತಿ ವರ್ಷ. ಪ್ರತಿ ವರ್ಷವೂ ಯಾರಾದರೂ ಒಬ್ಬರು ಬಂದು, ಇದು ಕೆಲಸವಲ್ಲ, ಸೋಮಾರಿತನ ಎಂದು ಹೇಳಿಬಿಡುತ್ತಾರೆಂದು ಕಾಯುತ್ತಿದ್ದಳು.

"ಆ ಹಾಳೆ ತಂದು ಗೋಡೆಗೆ ಅಂಟಿಸಿದೆಯಲ್ಲ. ಮಗನ ಹತ್ತಿರ ಓದಿಸಿದೆ. ಮೂರನೇ ಸಾಲಿನಲ್ಲಿ ನಾನೇ ಇದ್ದೆ."

ಇಷ್ಟು ಹೇಳಿ ಅತ್ತೆ ತಲೆ ಎತ್ತಿದಳು. ಮಧ್ಯಾಹ್ನ ಹಾಯಿಸಿ ತೆಗೆದ ಕಣ್ಣನ್ನು ಈಗ ತೆಗೆಯಲಿಲ್ಲ. ಕೋಪ ಇರಲಿಲ್ಲ ಅದರಲ್ಲಿ. ತನ್ನ ಪಾಲಿನದನ್ನು ಕಟ್ಟೆಯ ಮೇಲೆ ಇಟ್ಟಾಯಿತು, ಇನ್ನು ನಿನ್ನದು ಎಂಬಂತೆ ಕಾಯುತ್ತಿತ್ತು.

ಹೇಳಬೇಕಾದದ್ದು ಏನೆಂದು ಸೊಸೆಗೆ ಗೊತ್ತಿತ್ತು. ಚೀಲ ನಾನೇ ಇಟ್ಟೆ ಅತ್ತೆ, ಸುಳ್ಳು ಹೇಳಿದೆ. ಅದು ಅತ್ತೆಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಬಾಯಿಂದ ಬರಬೇಕಾಗಿತ್ತು ಅಷ್ಟೇ. ಹಣ್ಣಿನ ರಾಶಿಯ ಮೇಲೆ ಒಂದು ಜೇನುನೊಣ ಸುತ್ತುತ್ತಿತ್ತು. ಇಳಿಜಾರಿನಲ್ಲಿ ಮನೆಗೆ ಹೋಗುತ್ತಿದ್ದ ಹೆಂಗಸರ ಮಾತು ಸಣ್ಣದಾಗುತ್ತಾ ಹೋಗಿ ನಿಂತಿತು.

"ಗೋಣಿ ಎಷ್ಟು ಒದ್ದೆ ಮಾಡ್ಲಿ ಅತ್ತೆ?" ಎಂದಳು.

ಅತ್ತೆ ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದಳು.

"ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅಷ್ಟು," ಎಂದಳು.

ಸೊಸೆ ಗೋಣಿಗಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ, ಒಂದೊಂದಾಗಿ ಎತ್ತಿ, ಎರಡೂ ಕೈಯಿಂದ ಬಿಗಿಯಾಗಿ ಹಿಂಡತೊಡಗಿದಳು.